ಕಂಪನಿಯ ಹಣ ರಾಜಕೀಯಕ್ಕೆ ಸೇರುವ ದಾರಿಯನ್ನು ಕಾಗದಪತ್ರಗಳಲ್ಲಿ ಹುಡುಕುವುದು ಹೇಗೆ?

ಚಿತ್ರದುರ್ಗ ಮತ್ತು ದಾವಣಗೆರೆ ಕಡೆಯ ಓದುಗರು ಬೇರೆ ಬೇರೆ ಮಾತುಗಳಲ್ಲಿ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಹೊಳಲ್ಕೆರೆಯವರು ಗಣಿಯನ್ನು ಮುಂದಿಟ್ಟು ಕೇಳುತ್ತಾರೆ, ಚಿತ್ರದುರ್ಗದ ಗುಡ್ಡಗಳ ಸುತ್ತಲಿನವರು ಗಾಳಿಯಂತ್ರಗಳಿಗೆ ಹೋದ ಜಮೀನನ್ನು ಮುಂದಿಟ್ಟು ಕೇಳುತ್ತಾರೆ, ದಾವಣಗೆರೆಯವರು ರಸ್ತೆ ಮತ್ತು ಒಳಚರಂಡಿಯ ಟೆಂಡರುಗಳ ಬಗ್ಗೆ ಕೇಳುತ್ತಾರೆ. ‘ಈ ಕೆಲಸ ಇವರಿಗೇ ಸಿಕ್ಕಿದ್ದರ ಹಿಂದೆ ಯಾರ ದುಡ್ಡು ಯಾರಿಗೆ ಹೋಗಿದೆ ಎಂದು ಸಾಮಾನ್ಯ ಜನ ತಿಳಿಯಬಹುದೇ?’ ಎಂಬುದು ಎಲ್ಲರ ಪ್ರಶ್ನೆಯ ತಿರುಳು.

ಒಂದು ಮಟ್ಟದವರೆಗೆ ತಿಳಿಯಬಹುದು. ಚೀಲದಲ್ಲಿ ಕೈ ಬದಲಾಯಿಸುವ ನಗದಿಗೆ ಕಾಗದವಿಲ್ಲ, ಅದನ್ನು ನೀವಾಗಲಿ ನಾನಾಗಲಿ ಮನೆಯಲ್ಲಿ ಕುಳಿತು ಕಂಡುಹಿಡಿಯಲಾರೆವು. ಆದರೆ ಹಣ ಕೊಟ್ಟ ಕಡೆಯಲ್ಲಿ ಕಂಪನಿಯ ಲೆಕ್ಕಪತ್ರವಿರುತ್ತದೆ, ಪಡೆದ ಕಡೆಯಲ್ಲಿ ಪಕ್ಷದ ವರದಿ ಮತ್ತು ಅಭ್ಯರ್ಥಿಯ ಪ್ರಮಾಣಪತ್ರವಿರುತ್ತವೆ, ನಡುವೆ ಸರ್ಕಾರದ ಆದೇಶದ ಕಡತವಿರುತ್ತದೆ. ಈ ಮೂರನ್ನೂ ದಿನಾಂಕದ ಪ್ರಕಾರ ಒಂದೇ ಪುಟದ ಮೇಲೆ ತರುವ ಕೆಲಸವನ್ನು ಇಲ್ಲಿ ವಿವರಿಸಿದ್ದೇನೆ.

ಇದಕ್ಕೆ ಬೇಕಾಗುವುದು ಒಂದು ಕಂಪ್ಯೂಟರ್ (ನೂರಾರು ಪುಟಗಳ ಪಿಡಿಎಫ್‌ಗಳನ್ನು ಮೊಬೈಲಿನಲ್ಲಿ ಓದುವುದು ಕಷ್ಟ, ಸೈಬರ್ ಸೆಂಟರ್ ಆದರೂ ಸಾಕು), ಒಂದು ದಪ್ಪ ನೋಟ್‌ಬುಕ್, ಶುಲ್ಕಗಳಿಗೆ ಕೆಲವು ನೂರು ರೂಪಾಯಿ ಮತ್ತು ಎರಡು ಮೂರು ತಿಂಗಳ ತಾಳ್ಮೆ.

1. ವ್ಯಕ್ತಿಯನ್ನು ಬಿಟ್ಟು ತೀರ್ಮಾನದಿಂದ ಶುರು ಮಾಡಿ

ಹೆಚ್ಚಿನವರು ‘ನಮ್ಮ ಶಾಸಕರಿಗೆ ಯಾರು ಹಣ ಕೊಟ್ಟರು?’ ಎಂದು ಹುಡುಕಲು ಹೊರಟು ಮೊದಲ ವಾರದಲ್ಲೇ ದಣಿಯುತ್ತಾರೆ. ಶಾಸಕರೊಬ್ಬರ ಸುತ್ತ ನೂರು ವ್ಯವಹಾರಗಳಿರುತ್ತವೆ, ಎಲ್ಲಿ ಅಗೆಯಬೇಕೆಂದು ತಿಳಿಯುವುದಿಲ್ಲ. ಅದರ ಬದಲು ಒಂದೇ ಒಂದು ಸರ್ಕಾರಿ ತೀರ್ಮಾನವನ್ನು ಆರಿಸಿಕೊಳ್ಳಿ: ಒಂದು ಟೆಂಡರ್, ಒಂದು ಗಣಿ ಗುತ್ತಿಗೆ ಅಥವಾ ಕೈಗಾರಿಕೆಗೆಂದು ಜಮೀನು ಕೊಟ್ಟ ಒಂದು ಅಧಿಸೂಚನೆ. ತೀರ್ಮಾನಕ್ಕೆ ದಿನಾಂಕವಿರುತ್ತದೆ, ಕಡತ ಸಂಖ್ಯೆಯಿರುತ್ತದೆ, ಅದರಿಂದ ಲಾಭ ಪಡೆದವರ ಹೆಸರಿರುತ್ತದೆ.

ಕಾಮಗಾರಿಗಳಾದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್, ಅಂದರೆ ಕೆಪಿಪಿಪಿಯಲ್ಲಿ ಟೆಂಡರ್ ಪ್ರಕಟಣೆಗಳನ್ನು ಹುಡುಕಬಹುದು. ಅಧಿಸೂಚನೆಗಳು ರಾಜ್ಯಪತ್ರದಲ್ಲಿ ಸಿಗುತ್ತವೆ. ಟೆಂಡರನ್ನು ಓದುವಾಗ ಮೂರು ಸಂಗತಿಗಳ ಮೇಲೆ ಕಣ್ಣಿಡಿ.

ಮೊದಲನೆಯದು ‘ಪ್ಯಾಕೇಜ್’. ಹತ್ತಾರು ಸಣ್ಣ ಕೆಲಸಗಳನ್ನು ಒಂದೇ ದೊಡ್ಡ ಟೆಂಡರಿಗೆ ಸೇರಿಸಿದರೆ ಸ್ಥಳೀಯ ಗುತ್ತಿಗೆದಾರರು ವಹಿವಾಟಿನ ಅರ್ಹತೆಯಲ್ಲೇ ಹೊರಬೀಳುತ್ತಾರೆ, ಉಳಿಯುವುದು ದೊಡ್ಡ ಕಂಪನಿಗಳು ಮಾತ್ರ. ಎರಡನೆಯದು ಇದಕ್ಕೆ ತದ್ವಿರುದ್ಧವಾದ ‘ತುಂಡು ಗುತ್ತಿಗೆ’, ಅಂದರೆ ಟೆಂಡರ್ ಕರೆಯುವುದನ್ನು ತಪ್ಪಿಸಲು ಒಂದೇ ಕೆಲಸವನ್ನು ಸಣ್ಣ ಮೊತ್ತಗಳಾಗಿ ಒಡೆಯುವುದು. ಮೂರನೆಯದು ಕಚೇರಿಗಳಲ್ಲಿ ಎಲ್ಲರೂ ‘4 ಜಿ’ ಎಂದು ಕರೆಯುವ ವಿನಾಯಿತಿ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ 4(ಜಿ) ಪ್ರಕರಣದಂತೆ ಸರ್ಕಾರವು ನಿರ್ದಿಷ್ಟ ಖರೀದಿ ಅಥವಾ ಕಾಮಗಾರಿಗೆ ಟೆಂಡರಿನಿಂದಲೇ ವಿನಾಯಿತಿ ನೀಡಬಹುದು, ಆದರೆ ಅದಕ್ಕೆ ಅಧಿಸೂಚನೆ ಹೊರಡಿಸಲೇಬೇಕು. ಆ ಅಧಿಸೂಚನೆ ಸಿಕ್ಕಿದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಈ ಮೂರೂ ತಮ್ಮಷ್ಟಕ್ಕೆ ಅಕ್ರಮಗಳೆಂದು ತಿಳಿಯಬೇಡಿ. ತುಂಡು ಗುತ್ತಿಗೆಗೂ ಕೆಲವೊಮ್ಮೆ ಬರಗಾಲದಂತಹ ಒಪ್ಪುವ ಕಾರಣವಿರುತ್ತದೆ.

ಗಣಿ ಪ್ರದೇಶದವರಿಗೆ ಒಂದು ಮಾತು. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ಅದನ್ನು ವಿಸ್ತರಿಸಿತು. ನಂತರ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚಿನ ಉಲ್ಲಂಘನೆ ಕಂಡುಬಂದ ಸಿ ವರ್ಗದ ಗುತ್ತಿಗೆಗಳನ್ನು 2013ರಲ್ಲಿ ರದ್ದುಪಡಿಸಲಾಯಿತು. ಆದ್ದರಿಂದ ಇಲ್ಲಿನ ಗುತ್ತಿಗೆಯೊಂದರ ಇತಿಹಾಸ ಹುಡುಕುವಾಗ ‘2011ಕ್ಕೆ ಮೊದಲು ಯಾರ ಹೆಸರಿನಲ್ಲಿತ್ತು, ರದ್ದಾಗಿ ಹರಾಜಾದ ನಂತರ ಯಾರಿಗೆ ಹೋಯಿತು’ ಎಂಬ ಎರಡೂ ಭಾಗಗಳನ್ನು ಬರೆದುಕೊಳ್ಳಬೇಕು.

2. ಹೆಸರಿನ ಹಿಂದಿರುವುದು ಕಂಪನಿಯೋ, ಸಂಸ್ಥೆಯೋ, ಒಬ್ಬ ವ್ಯಕ್ತಿಯೋ ನೋಡಿ

ಫಲಕದ ಮೇಲೆ ‘ಕನ್‌ಸ್ಟ್ರಕ್ಷನ್ಸ್’ ಎಂದಿದ್ದ ಮಾತ್ರಕ್ಕೆ ಅದು ಕಂಪನಿಯಲ್ಲ. ನಮ್ಮ ಭಾಗದಲ್ಲಿ ಒಬ್ಬರೇ ಮಾಲೀಕರಿರುವ ಅಥವಾ ಅಣ್ಣತಮ್ಮಂದಿರ ಪಾಲುದಾರಿಕೆಯ ವ್ಯವಹಾರಗಳು ಬಹಳ. ಇವುಗಳ ಲೆಕ್ಕಪತ್ರ ಸಾರ್ವಜನಿಕವಾಗಿ ಸಿಗುವುದಿಲ್ಲ, ಕಂಪನಿ ಕಾನೂನಿನ ದೇಣಿಗೆ ಮಿತಿಗಳೂ ಇವಕ್ಕೆ ಅನ್ವಯವಾಗುವುದಿಲ್ಲ.

ಇದನ್ನು ತಿಳಿಯಲು ಸುಲಭವಾದ ಉಪಾಯವೊಂದಿದೆ. ಬಿಲ್ಲಿನಲ್ಲೋ ಕಾಮಗಾರಿಯ ಕಾಗದದಲ್ಲೋ ಇರುವ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ನೋಡಿ. ಮೊದಲ ಎರಡು ಅಂಕಿಗಳು ರಾಜ್ಯವನ್ನು ಹೇಳುತ್ತವೆ, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರಗಳು ಪ್ಯಾನ್ ಸಂಖ್ಯೆ. ಆ ಪ್ಯಾನಿನ ನಾಲ್ಕನೆಯ ಅಕ್ಷರ, ಎಂದರೆ ಒಟ್ಟು ಸಂಖ್ಯೆಯ ಆರನೆಯ ಅಕ್ಷರ, ‘ಸಿ’ ಆಗಿದ್ದರೆ ಕಂಪನಿ, ‘ಪಿ’ ಆಗಿದ್ದರೆ ವ್ಯಕ್ತಿ, ‘ಎಫ್’ ಆಗಿದ್ದರೆ ಪಾಲುದಾರಿಕೆ, ‘ಎಚ್’ ಆಗಿದ್ದರೆ ಹಿಂದೂ ಅವಿಭಕ್ತ ಕುಟುಂಬ, ‘ಟಿ’ ಆಗಿದ್ದರೆ ಟ್ರಸ್ಟ್. ಜಿಎಸ್‌ಟಿ ಪೋರ್ಟಲಿನಲ್ಲಿ ಸಂಖ್ಯೆಯನ್ನು ಹಾಕಿದರೆ ಕಾನೂನುಬದ್ಧ ಹೆಸರು ಮತ್ತು ನೋಂದಣಿಯ ದಿನಾಂಕವೂ ಸಿಗುತ್ತವೆ. ಟೆಂಡರಿಗೆ ಎರಡು ತಿಂಗಳ ಮೊದಲಷ್ಟೇ ನೋಂದಣಿಯಾಗಿದ್ದರೆ ಆ ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ.

ಕಂಪನಿಯೆಂದು ಖಚಿತವಾದರೆ ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣಕ್ಕೆ ಹೋಗಿ. ಅಲ್ಲಿ ಪ್ರತಿ ಕಂಪನಿಗೂ 21 ಅಕ್ಷರಗಳ ಗುರುತಿನ ಸಂಖ್ಯೆಯಿದೆ, ಅದನ್ನು ಸಿಐಎನ್ ಎನ್ನುತ್ತಾರೆ. ಮೊದಲ ಅಕ್ಷರ ಷೇರುಪೇಟೆಯಲ್ಲಿದೆಯೋ ಇಲ್ಲವೋ ಎಂಬುದನ್ನು, ನಂತರದ ಐದು ಅಂಕಿಗಳು ಉದ್ಯಮದ ಬಗೆಯನ್ನು, ಆಮೇಲಿನ ಎರಡು ಅಕ್ಷರಗಳು ರಾಜ್ಯವನ್ನು, ನಾಲ್ಕು ಅಂಕಿಗಳು ಸ್ಥಾಪನೆಯ ವರ್ಷವನ್ನು ಹೇಳುತ್ತವೆ. ಮೂಲ ವಿವರ ಉಚಿತ. ನೂರು ರೂಪಾಯಿ ಶುಲ್ಕ ಕಟ್ಟಿದರೆ ಆ ಕಂಪನಿ ಸಲ್ಲಿಸಿರುವ ಲೆಕ್ಕಪತ್ರ, ವಾರ್ಷಿಕ ವಿವರ ಮತ್ತು ನಿರ್ದೇಶಕರ ಬದಲಾವಣೆಯ ನಮೂನೆಗಳನ್ನು ತೆರೆಯಬಹುದು. ತೆರೆದ ಮೇಲೆ ಕೆಲವೇ ಗಂಟೆಗಳ ಅವಕಾಶವಿರುವುದರಿಂದ ಓದುತ್ತಾ ಕೂರದೆ ಮೊದಲು ಎಲ್ಲವನ್ನೂ ಇಳಿಸಿಕೊಳ್ಳಿ.

ಇಲ್ಲಿ ನಾನೇ ಎಡವಿದ್ದೇನೆ. ಒಂದೇ ಹೆಸರಿನ ಎರಡು ಕಂಪನಿಗಳಲ್ಲಿ ಒಂದರ ಕೊನೆಯಲ್ಲಿ ‘ಇನ್‌ಫ್ರಾ’, ಇನ್ನೊಂದರ ಕೊನೆಯಲ್ಲಿ ‘ಇನ್‌ಫ್ರಾಟೆಕ್’ ಎಂದಿತ್ತು. ಹದಿನೈದು ದಿನ ತಪ್ಪು ಕಂಪನಿಯ ಬ್ಯಾಲೆನ್ಸ್ ಶೀಟನ್ನು ಓದಿ, ಕೊನೆಗೆ ಸ್ನೇಹಿತರೊಬ್ಬರು ಸಿಐಎನ್ ಬೇರೆಯಿದೆಯಲ್ಲ ಎಂದಾಗ ಎಲ್ಲವನ್ನೂ ಕೈಬಿಡಬೇಕಾಯಿತು. ಅಂದಿನಿಂದ ನಾನು ಹೆಸರನ್ನು ನಂಬುವುದನ್ನು ಬಿಟ್ಟು ಸಂಖ್ಯೆಯನ್ನಷ್ಟೇ ನಂಬುತ್ತೇನೆ.

3. ಕಂಪನಿಯ ಲೆಕ್ಕಪತ್ರದಲ್ಲಿ ದೇಣಿಗೆಯ ಸಾಲನ್ನು ಹುಡುಕಿ

ಕಾನೂನನ್ನು ಮೊದಲು ತಿಳಿದುಕೊಳ್ಳೋಣ. ಕಂಪನಿಗಳು ಪಕ್ಷಗಳಿಗೆ ದೇಣಿಗೆ ನೀಡುವುದನ್ನು 1969ರಲ್ಲಿ ನಿಷೇಧಿಸಲಾಗಿತ್ತು, 1985ರಲ್ಲಿ ಮತ್ತೆ ಅನುಮತಿ ಸಿಕ್ಕಿತು. ನಡುವಿನ ಅವಧಿಯಲ್ಲಿ ಹಣ ನಿಂತಿತೆಂದು ಯಾರೂ ನಂಬುವುದಿಲ್ಲ, ಅದು ಮೇಜಿನ ಕೆಳಗೆ ಸರಿಯಿತು ಅಷ್ಟೇ. 2013ರ ಕಂಪನಿ ಕಾನೂನಿನ 182ನೇ ಪ್ರಕರಣದಂತೆ, ಸ್ಥಾಪನೆಯಾಗಿ ಮೂರು ಹಣಕಾಸು ವರ್ಷಗಳನ್ನೂ ಪೂರೈಸದ ಕಂಪನಿ ದೇಣಿಗೆ ಕೊಡುವಂತಿಲ್ಲ, ಸರ್ಕಾರಿ ಕಂಪನಿಯೂ ಕೊಡುವಂತಿಲ್ಲ. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ರಷ್ಟನ್ನು ಮಾತ್ರ, ಆಡಳಿತ ಮಂಡಳಿಯ ನಿರ್ಣಯದೊಂದಿಗೆ ಕೊಡಬಹುದು. 2017ರ ಹಣಕಾಸು ಕಾಯ್ದೆ ಈ ಮಿತಿಯನ್ನೂ, ಪಕ್ಷದ ಹೆಸರನ್ನು ಲೆಕ್ಕದಲ್ಲಿ ತೋರಿಸಬೇಕೆಂಬ ನಿಯಮವನ್ನೂ ತೆಗೆದುಹಾಕಿತ್ತು. ಇದರಿಂದ ನಷ್ಟದಲ್ಲಿದ್ದ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದಾಗಿತ್ತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಗಳನ್ನು ಚುನಾವಣಾ ಬಾಂಡ್ (ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಡುವ, ಕೊಟ್ಟವರ ಹೆಸರು ಹೊರಬಾರದ ಪತ್ರ) ಯೋಜನೆಯೊಂದಿಗೇ ರದ್ದುಪಡಿಸಿತು.

ಲಾಭ–ನಷ್ಟದ ಲೆಕ್ಕದಲ್ಲಿ ‘ಇತರ ವೆಚ್ಚಗಳು’ ಎಂಬ ಟಿಪ್ಪಣಿಯನ್ನು ತೆರೆದು ದೇಣಿಗೆ, ರಾಜಕೀಯ ಕೊಡುಗೆ, ಚುನಾವಣಾ ಟ್ರಸ್ಟ್ ಎಂಬ ಪದಗಳಿರುವ ಸಾಲನ್ನು ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಕಂಪನಿ ಶುದ್ಧವೆಂದಾಗಲಿ, ಮುಚ್ಚಿಟ್ಟಿದೆ ಎಂದಾಗಲಿ ಹೇಳಲು ಬರುವುದಿಲ್ಲ, ಏಕೆಂದರೆ ಅದೇ ಗುಂಪಿನ ಬೇರೊಂದು ಕಂಪನಿ ಕೊಟ್ಟಿರಬಹುದು. ಹಾಗಾಗಿ ನಿರ್ದೇಶಕರ ಹೆಸರಿನ ಮುಂದಿರುವ ಡಿಐಎನ್, ಅಂದರೆ ನಿರ್ದೇಶಕರ ಗುರುತಿನ ಸಂಖ್ಯೆಯನ್ನು ಹಿಡಿದು ಅವರು ಇರುವ ಉಳಿದ ಕಂಪನಿಗಳನ್ನೂ ಪಟ್ಟಿ ಮಾಡಿಕೊಳ್ಳಿ.

4. ಪಕ್ಷದ ಕಡೆಯಿಂದ ನೋಡಿ

ಭಾರತದ ಚುನಾವಣಾ ಆಯೋಗದ ಜಾಲತಾಣದಲ್ಲಿ ಮೂರು ಬಗೆಯ ಕಾಗದಗಳಿವೆ.

ಮೊದಲನೆಯದು ‘ನಮೂನೆ 24ಎ’. 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರು, ವಿಳಾಸ, ಕೊಟ್ಟ ಬಗೆಯನ್ನು ಪಕ್ಷಗಳು ಪ್ರತಿ ವರ್ಷ ಇದರಲ್ಲಿ ಸಲ್ಲಿಸಬೇಕು. ಅದಕ್ಕಿಂತ ಕಡಿಮೆ ಮೊತ್ತದ್ದಕ್ಕೆ ಹೆಸರು ಹೇಳಬೇಕಾಗಿಲ್ಲ. ನಗದು ದೇಣಿಗೆಯ ಮಿತಿಯನ್ನು 2017ರಿಂದ 2,000 ರೂಪಾಯಿಗೆ ಇಳಿಸಿದರೂ ಈ 20,000ದ ಗೆರೆ ಹಾಗೆಯೇ ಉಳಿಯಿತು. ವ್ಯವಸ್ಥೆಯ ದೊಡ್ಡ ಕಂಡಿ ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಚುನಾವಣಾ ಟ್ರಸ್ಟ್‌ಗಳ ವರದಿ. ಹಲವು ಕಂಪನಿಗಳಿಂದ ಹಣ ಸಂಗ್ರಹಿಸಿ ಪಕ್ಷಗಳಿಗೆ ಹಂಚುವ ಸಂಸ್ಥೆಗಳಿವು, 2013ರ ಯೋಜನೆಯ ಪ್ರಕಾರ ನಡೆಯುತ್ತವೆ. ಬಂದ ಹಣದ ಶೇ 95ರಷ್ಟನ್ನಾದರೂ ಅದೇ ವರ್ಷ ಹಂಚಬೇಕು. ಯಾರು ಟ್ರಸ್ಟ್‌ಗೆ ಕೊಟ್ಟರು, ಟ್ರಸ್ಟ್ ಯಾವ ಪಕ್ಷಕ್ಕೆ ಕೊಟ್ಟಿತು ಎಂಬ ಎರಡೂ ಪಟ್ಟಿಗಳು ಸಿಗುತ್ತವೆ. ಆದರೆ ಎಲ್ಲರ ಹಾಲನ್ನೂ ಒಂದೇ ಕ್ಯಾನಿಗೆ ಸುರಿದ ಮೇಲೆ ಯಾರ ಹಸುವಿನ ಹಾಲು ಯಾವ ಮನೆಗೆ ಹೋಯಿತೆಂದು ಹೇಳಲಾಗದು. ಹತ್ತು ಕಂಪನಿಗಳು ಕೊಟ್ಟು ಮೂರು ಪಕ್ಷಗಳು ಪಡೆದಿದ್ದರೆ ‘ಈ ಕಂಪನಿ ಈ ಪಕ್ಷಕ್ಕೆ ಕೊಟ್ಟಿತು’ ಎಂದು ಬರೆಯಬೇಡಿ.

ಮೂರನೆಯದು ಚುನಾವಣಾ ಬಾಂಡ್‌ಗಳ ಕಡತ. ಈ ಯೋಜನೆ 2018ರ ಜನವರಿಯಲ್ಲಿ ಜಾರಿಗೆ ಬಂದಿತ್ತು. ಕೊಟ್ಟವರ ಹೆಸರು ಸ್ಟೇಟ್ ಬ್ಯಾಂಕಿಗೆ ಗೊತ್ತಿತ್ತು, ಮತದಾರನಿಗೆ ಗೊತ್ತಾಗುವಂತಿರಲಿಲ್ಲ. ನ್ಯಾಯಾಲಯದ ಆದೇಶದ ನಂತರ 2024ರ ಮಾರ್ಚ್ 14 ಮತ್ತು 21ರಂದು ಆಯೋಗವು ಎರಡು ಕಂತುಗಳಲ್ಲಿ ವಿವರ ಪ್ರಕಟಿಸಿತು. ನಿಮಗೆ ಬೇಕಾದದ್ದು ಎರಡನೆಯ ಕಂತು, ಏಕೆಂದರೆ ಬಾಂಡಿನ ಸಂಖ್ಯೆ ಇರುವುದು ಅದರಲ್ಲಿ ಮಾತ್ರ. ಕೊಂಡವರ ಪಟ್ಟಿಯಲ್ಲಿ ಕಂಪನಿಯ ಹೆಸರನ್ನು ಹುಡುಕಿ, ಬಾಂಡಿನ ಸಂಖ್ಯೆಯನ್ನು ಬರೆದುಕೊಂಡು, ಅದೇ ಸಂಖ್ಯೆಯನ್ನು ನಗದೀಕರಿಸಿದವರ ಪಟ್ಟಿಯಲ್ಲಿ ಹುಡುಕಿದರೆ ಪಕ್ಷದ ಹೆಸರು ಎದುರಿಗೆ ಬರುತ್ತದೆ. ಸಂಖ್ಯೆಗೆ ಮೊದಲು ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ: ಒಂದು ಕೋಟಿಯದಕ್ಕೆ ‘ಓಸಿ’, ಹತ್ತು ಲಕ್ಷದ್ದಕ್ಕೆ ‘ಟಿಎಲ್’, ಒಂದು ಲಕ್ಷದ್ದಕ್ಕೆ ‘ಓಎಲ್’. ಅಕ್ಷರ ಮತ್ತು ಸಂಖ್ಯೆ ಎರಡೂ ಹೊಂದಿದರೆ ಮಾತ್ರ ಅದೇ ಬಾಂಡ್. ಅಕ್ಷರವನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಹೋಲಿಸಿ ಹತ್ತು ಲಕ್ಷವನ್ನು ಕೋಟಿಯಾಗಿಸಿದ ಬರಹಗಳನ್ನು ನೋಡಿದ್ದೇನೆ.

ಈ ಕಡತಗಳಿಂದ ಏನೇನು ತಿಳಿಯಿತೆಂದರೆ, ಅತಿ ಹೆಚ್ಚು ಬಾಂಡ್ ಕೊಂಡದ್ದು ಲಾಟರಿ ವ್ಯವಹಾರದ ಫ್ಯೂಚರ್ ಗೇಮಿಂಗ್, 1,368 ಕೋಟಿ ರೂಪಾಯಿ. ನಂತರದ್ದು ಮೂಲಸೌಕರ್ಯ ಕಾಮಗಾರಿಗಳ ಮೇಘಾ ಎಂಜಿನಿಯರಿಂಗ್, 966 ಕೋಟಿ. ನಮ್ಮ ರಾಜ್ಯದ ಜೆಡಿಎಸ್ ಆಯೋಗಕ್ಕೆ ಸಲ್ಲಿಸಿದ ವಿವರದಲ್ಲಿ 89.75 ಕೋಟಿ ರೂಪಾಯಿಯ ಬಾಂಡ್‌ಗಳಿದ್ದು, ಅದರಲ್ಲಿ 50 ಕೋಟಿ ಮೇಘಾದಿಂದ ಬಂದದ್ದೆಂದು ಪಕ್ಷವೇ ಹೇಳಿತ್ತು. 2019ರ ಏಪ್ರಿಲ್ 12ಕ್ಕಿಂತ ಮೊದಲು ಮಾರಾಟವಾದ ಬಾಂಡ್‌ಗಳ ಕೊಳ್ಳುಗರ ಹೆಸರು ಈ ಕಡತಗಳಲ್ಲಿಲ್ಲ. ಪಟ್ಟಿಯಲ್ಲಿ ಹೆಸರು ಸಿಗಲಿಲ್ಲವೆಂದರೆ ಕೊಟ್ಟಿಲ್ಲವೆಂದು ಭಾವಿಸದಿರಲು ಇದೂ ಒಂದು ಕಾರಣ. ಹೆಸರುಗಳನ್ನು ಮೊಟಕು ಮಾಡಿ ನಮೂದಿಸಿರುವುದರಿಂದ ಪೂರ್ತಿ ಹೆಸರಿನ ಬದಲು ಮೊದಲ ಪದದಿಂದ ಹುಡುಕುವುದು ಲೇಸು.

5. ಅಭ್ಯರ್ಥಿಯ ಕಾಗದಗಳು

ನಾಮಪತ್ರದೊಂದಿಗೆ ಸಲ್ಲಿಸುವ ‘ನಮೂನೆ 26’ರ ಪ್ರಮಾಣಪತ್ರದಲ್ಲಿ ಆಸ್ತಿಯ ಮೊತ್ತವನ್ನಷ್ಟೇ ಪತ್ರಿಕೆಗಳು ಬರೆಯುತ್ತವೆ. ನೀವು ಅದನ್ನು ದಾಟಿ ಮೂರು ಕಡೆ ನೋಡಿ: ಯಾವ ಕಂಪನಿಯ ಷೇರುಗಳಿವೆ, ಯಾರಿಂದ ಸಾಲ ಪಡೆದಿದ್ದಾರೆ, ಸರ್ಕಾರದೊಂದಿಗೆ ಯಾವ ಗುತ್ತಿಗೆಗಳಿವೆ. ಗುತ್ತಿಗೆಯ ಕಾಲಂನಲ್ಲಿ ಅಭ್ಯರ್ಥಿ, ಸಂಗಾತಿ, ಅವಲಂಬಿತರು ಮಾತ್ರವಲ್ಲದೆ ಅವರು ಪಾಲುದಾರರಾಗಿರುವ ಸಂಸ್ಥೆಗಳು ಮತ್ತು ಷೇರು ಹೊಂದಿರುವ ಖಾಸಗಿ ಕಂಪನಿಗಳ ಗುತ್ತಿಗೆಗಳನ್ನೂ ಬರೆಯಬೇಕು. ಸಾಲದ ಕಾಲಂನಲ್ಲಿ ಬ್ಯಾಂಕಿನ ಬದಲು ಖಾಸಗಿ ಕಂಪನಿಯೊಂದರ ಹೆಸರಿದ್ದರೆ ಎರಡನೆಯ ಹಂತಕ್ಕೆ ಹಿಂತಿರುಗಿ ಆ ಕಂಪನಿಯನ್ನು ಪರಿಶೀಲಿಸಿ. ಬೆಳೆದ ಮಕ್ಕಳು, ಅಳಿಯಂದಿರು, ಬಾಮೈದುನರು ಅವಲಂಬಿತರ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಈ ಪತ್ರದಲ್ಲಿ ಅವರನ್ನು ಹುಡುಕಿ ಪ್ರಯೋಜನವಿಲ್ಲ.

ಚುನಾವಣಾ ವೆಚ್ಚದ ಲೆಕ್ಕವನ್ನು ಫಲಿತಾಂಶ ಬಂದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ ಸಲ್ಲಿಸಬೇಕು. ಪುಟಕ್ಕೆ ಒಂದು ರೂಪಾಯಿ ಕೊಟ್ಟರೆ ಯಾರಿಗಾದರೂ ಅದರ ಪ್ರತಿ ಕೊಡಬೇಕೆಂಬುದು ಆಯೋಗದ ಸೂಚನೆ. ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ ಎಂದು 2022ರಲ್ಲಿ ನಿಗದಿಯಾದ ಮಿತಿ ಅಭ್ಯರ್ಥಿಗೆ ಮಾತ್ರ, ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ. ಈ ಲೆಕ್ಕಗಳನ್ನು ಓದಿದರೆ ನಗು ಬರುವಷ್ಟು ಅಚ್ಚುಕಟ್ಟಾಗಿರುತ್ತವೆ. ಆದರೂ ಪಕ್ಷ, ವ್ಯಕ್ತಿ, ಕಂಪನಿಗಳಿಂದ ಬಂದ ಹಣದ ಪಟ್ಟಿಯನ್ನು ನೋಡದೆ ಬಿಡಬೇಡಿ.

ಚುನಾವಣೆಯ ದಿನಗಳಲ್ಲಿ ಮನೆಗೆ ಬಂದ ಕರಪತ್ರಗಳನ್ನೂ ಎತ್ತಿಡಿ. ಕೆಳಗಡೆ ಇರುವೆ ಸಾಲಿನಂತಹ ಅಕ್ಷರಗಳಲ್ಲಿ ಮುದ್ರಕರು ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕೆಂದು ಜನಪ್ರತಿನಿಧಿ ಕಾಯ್ದೆಯ 127ಎ ಪ್ರಕರಣ ಹೇಳುತ್ತದೆ. ಪ್ರಕಾಶಕರು ನೀಡಿದ ಘೋಷಣೆಯ ಪ್ರತಿಯನ್ನು ಮುದ್ರಕರು ಜಿಲ್ಲಾಧಿಕಾರಿಗೆ ಕಳುಹಿಸಿರಬೇಕು.

6. ಉಳಿದದ್ದಕ್ಕೆ ಮಾಹಿತಿ ಹಕ್ಕು

ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದಗಳನ್ನು ಮೀರಬಾರದು, ಶುಲ್ಕ 10 ರೂಪಾಯಿ. ನನ್ನ ಮೊದಲ ಅರ್ಜಿ ಒಂದು ಕಚೇರಿಯಿಂದ ವಾಪಸಾದದ್ದು ಎರಡು ಪುಟ ಬರೆದಿದ್ದ ಕಾರಣಕ್ಕೆ. ಸಂಧಿ, ಸಮಾಸಗಳ ಕೃಪೆಯಿಂದ ಕನ್ನಡದಲ್ಲಿ 150 ಪದ ಸಾಕಾಗುತ್ತದೆ.

‘ಏಕೆ ಕೊಟ್ಟಿರಿ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಕಾಗದವನ್ನು ಹೆಸರಿಸಿ ಕೇಳಬೇಕು. ಹೀಗೆ ಬರೆಯಬಹುದು: ‘ಸದರಿ ಕಾಮಗಾರಿಯ ಆಡಳಿತಾತ್ಮಕ ಅನುಮೋದನೆ, ಬಿಡ್‌ದಾರರ ತುಲನಾತ್ಮಕ ಪಟ್ಟಿ, ತಾಂತ್ರಿಕ ಬಿಡ್‌ನಲ್ಲಿ ಅನರ್ಹಗೊಂಡವರ ಕಾರಣಗಳ ಪತ್ರ, ಕಾರ್ಯಾದೇಶ ಹಾಗೂ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿಗಳನ್ನು ಒದಗಿಸುವುದು.’ ಇವುಗಳಲ್ಲಿ ಟಿಪ್ಪಣಿ ಹಾಳೆಯೇ ಮುಖ್ಯ. ಕಡತ ಯಾರ ಮೇಜಿನಲ್ಲಿ ಎಷ್ಟು ದಿನವಿತ್ತು, ಯಾವ ಅಧಿಕಾರಿ ಆಕ್ಷೇಪ ಬರೆದರು, ಯಾರ ಸೂಚನೆಯ ಮೇಲೆ ಅದು ಬದಲಾಯಿತು ಎಂಬುದೆಲ್ಲ ಆ ಹಾಳೆಗಳ ಅಂಚಿನಲ್ಲಿರುತ್ತದೆ.

30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಲ್ಲಿಂದ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ‘ವಾಣಿಜ್ಯ ಗೋಪ್ಯತೆ’ ಅಥವಾ ‘ವೈಯಕ್ತಿಕ ಮಾಹಿತಿ’ ಎಂಬ ಕಾರಣಗಳನ್ನು ಹೇಳಿ ನಿರಾಕರಿಸುವುದು ಸಾಮಾನ್ಯ. ವೈಯಕ್ತಿಕ ಮಾಹಿತಿಯ ವಿನಾಯಿತಿಯನ್ನು 2023ರ ದತ್ತಾಂಶ ಸಂರಕ್ಷಣಾ ಕಾನೂನು ಇನ್ನಷ್ಟು ಹಿಗ್ಗಿಸಿದೆ. ಸಾರ್ವಜನಿಕ ಹಿತ ಹೆಚ್ಚಿದ್ದರೆ ಕೊಡಬಹುದೆನ್ನುವ 8(2) ಪ್ರಕರಣ ಉಳಿದಿರುವುದರಿಂದ ಮೇಲ್ಮನವಿಯಲ್ಲಿ ಅದನ್ನು ಹೆಸರಿಸಿ. ಪಕ್ಷಗಳಿಗೇ ನೇರವಾಗಿ ಅರ್ಜಿ ಹಾಕಿ ಅಂಚೆ ವೆಚ್ಚ ಕಳೆದುಕೊಳ್ಳಬೇಡಿ. ಆರು ರಾಷ್ಟ್ರೀಯ ಪಕ್ಷಗಳು ಸಾರ್ವಜನಿಕ ಪ್ರಾಧಿಕಾರಗಳೆಂದು ಕೇಂದ್ರ ಮಾಹಿತಿ ಆಯೋಗ 2013ರಲ್ಲೇ ಹೇಳಿದ್ದರೂ ಅವು ಅದನ್ನು ಪಾಲಿಸಲಿಲ್ಲ.

7. ದಿನಾಂಕಗಳನ್ನು ಎದುರುಬದುರು ಇಡಿ, ಆತುರಪಡಬೇಡಿ

ನೋಟ್‌ಬುಕ್ಕಿನ ಎಡಪುಟದಲ್ಲಿ ಸರ್ಕಾರದ ಕ್ರಮಗಳನ್ನು (ಪ್ರಕಟಣೆ, ಷರತ್ತಿನ ಬದಲಾವಣೆ, ಕಾರ್ಯಾದೇಶ, ಬಿಲ್ ಪಾವತಿ), ಬಲಪುಟದಲ್ಲಿ ಹಣದ ಚಲನೆಯನ್ನು (ಕಂಪನಿಯ ಸ್ಥಾಪನೆ, ನಿರ್ದೇಶಕರ ಬದಲಾವಣೆ, ದೇಣಿಗೆ, ಸಾಲ) ದಿನಾಂಕದ ಕ್ರಮದಲ್ಲಿ ಬರೆಯಿರಿ. ಪ್ರತಿ ಸಾಲಿನ ಮುಂದೆ ಅದು ಯಾವ ಕಾಗದದ ಎಷ್ಟನೆಯ ಪುಟವೆಂದು ನಮೂದಿಸಿ. ಯಾರೋ ಹೇಳಿದ ಮಾತು ಈ ಪುಟಗಳ ಮೇಲೆ ಬರಕೂಡದು.

ಎರಡು ದಿನಾಂಕಗಳು ಹತ್ತಿರ ಬಂದ ಕೂಡಲೇ ಲಂಚ ಸಾಬೀತಾಯಿತೆಂದು ತಿಳಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ನೀಡಿದ ಗಣಿ ವರದಿಯಲ್ಲಿ, ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಕುಟುಂಬದ ಶಿಕ್ಷಣ ಟ್ರಸ್ಟ್‌ಗೆ ಗಣಿ ಕಂಪನಿಯಿಂದ ಬಂದ 10 ಕೋಟಿ ರೂಪಾಯಿ ದೇಣಿಗೆಯ ವಿಷಯವಿತ್ತು. ಅದೇ ತಿಂಗಳ ಕೊನೆಗೆ ಯಡಿಯೂರಪ್ಪನವರು ರಾಜೀನಾಮೆ ನೀಡಿದರು, ಸಿಬಿಐ ತನಿಖೆ ನಡೆಯಿತು, 2016ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಖುಲಾಸೆಗೊಳಿಸಿತು. ಹಣ ಸಂದಾಯವಾದದ್ದನ್ನು ಕಾಗದ ತೋರಿಸಬಲ್ಲದು, ಅದಕ್ಕೆ ಪ್ರತಿಯಾಗಿ ಉಪಕಾರ ಮಾಡಿದರೆಂಬುದನ್ನು ನ್ಯಾಯಾಲಯದಲ್ಲಿ ಸಿದ್ಧಪಡಿಸುವುದು ಬೇರೆಯೇ ಕೆಲಸ.

ಹಾಗಾಗಿ ನೀವು ಬರೆಯುವಾಗ ‘ಈ ದಿನ ಕಂಪನಿ ಇಷ್ಟು ದೇಣಿಗೆ ನೀಡಿದೆ, ಈ ದಿನ ಅದಕ್ಕೆ ಈ ಕಾರ್ಯಾದೇಶ ಸಿಕ್ಕಿದೆ’ ಎಂದು ಎರಡು ವಾಕ್ಯ ಬರೆದು ನಿಲ್ಲಿಸಿ; ಅವೆರಡರ ನಡುವೆ ‘ಆದ್ದರಿಂದ’ ಎಂಬ ಪದವನ್ನು ಹಾಕಬೇಡಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಪ್ರಕರಣದಡಿ ಮಾನನಷ್ಟ ಇಂದಿಗೂ ಅಪರಾಧ. ಪ್ರಕಟಿಸುವ ಮುನ್ನ ಕಂಪನಿಗೂ ಜನಪ್ರತಿನಿಧಿಗೂ ಪ್ರಶ್ನೆಗಳನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ಒಂದು ವಾರ ಕಾಯಿರಿ. ಉತ್ತರ ಬಂದರೆ ಪೂರ್ತಿ ಹಾಕಿ, ಬಾರದಿದ್ದರೆ ಬರಲಿಲ್ಲವೆಂದು ಬರೆಯಿರಿ. ಅಂಚೆಯ ರಸೀದಿಯನ್ನು ಆ ನೋಟ್‌ಬುಕ್ಕಿಗೇ ಅಂಟಿಸಿಡಿ, ಜಾಲತಾಣಗಳಿಂದ ಇಳಿಸಿಕೊಂಡ ಕಡತಗಳ ಒಂದು ಪ್ರತಿಯನ್ನು ನಿಮ್ಮ ಮನೆಯ ಹೊರಗೆ ಇನ್ನೊಬ್ಬರ ಬಳಿ ಇರಿಸಿ.